ಕೊನೆಯ ಕೊಡ ನೀರು: ಮೆಮೊರಿಯ ಅಭಾವದಲ್ಲಿ ಕರ್ನೆಲ್ ಡ್ರೈವರುಗಳು

ನೆಲದಡಿಯ ಸಂಪಿನಿಂದ ಮಾಳಿಗೆಯ ತೊಟ್ಟಿಗೆ ನೀರೆತ್ತುವ ಮಾನೋಬ್ಲಾಕ್ ಪಂಪನ್ನು ವಾಚಕರಲ್ಲಿ ಬಹುಮಂದಿ ಕಂಡಿರಬಹುದು. ಬೆಂಗಳೂರಿನ ಹೊರವಲಯದಲ್ಲಿ, ವೈಟ್‌ಫೀಲ್ಡ್ ಕಡೆಯ ಬಡಾವಣೆಗಳಲ್ಲಿ, ಟ್ಯಾಂಕರು ಬಂದು ಸಂಪಿಗೆ ನೀರು ಸುರಿದು ಹೋದೊಡನೆ ಮನೆಯವರು ಮಾಡುವ ಮೊದಲ ಕೆಲಸವೆಂದರೆ ಈ ಪಂಪಿನ ಸ್ವಿಚ್ಚನ್ನು ಒತ್ತುವುದು. ಫುಟ್‌ವಾಲ್ವ್ ಸೋರಿ ಪಂಪಿನೊಳಗಿನ ನೀರು ಇಳಿದುಹೋಗಿದ್ದರೆ ಮೋಟಾರು ಬರಿದೆ ತಿರುಗುತ್ತದೆಯೇ ಹೊರತು ಒಂದು ತೊಟ್ಟು ನೀರೂ ಮೇಲೇರುವುದಿಲ್ಲ. ಇದರ ಕಾರಣ ಸರಳವಾದುದು. ಪಂಪಿನ ಚಕ್ರವು ತನ್ನೊಳಗಿರುವ ದ್ರವ್ಯವನ್ನು ಹೊರಕ್ಕೆಸೆದು ಉಂಟುಮಾಡುವ ಒತ್ತಡದ ವ್ಯತ್ಯಾಸವು ಆ ದ್ರವ್ಯದ ಸಾಂದ್ರತೆಗೆ ಅನುಪಾತದಲ್ಲಿರುವುದು. ಗಾಳಿಯ ಸಾಂದ್ರತೆ ನೀರಿನ ಸಾಂದ್ರತೆಯ ಸುಮಾರು 800ರಲ್ಲಿ ಒಂದು ಪಾಲು. ಆದುದರಿಂದ ನೀರನ್ನು 10 ಮೀಟರ್ ಎತ್ತರಕ್ಕೆ ಎತ್ತಬಲ್ಲ ಪಂಪು, ಗಾಳಿ ತುಂಬಿಕೊಂಡಾಗ, ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಮಾತ್ರ ಸೆಳೆಯಬಲ್ಲದು. ಮೊದಲು ಒಂದು ಕೊಡ ನೀರನ್ನು ಪಂಪಿಗೆ ಸುರಿದು ತುಂಬಬೇಕು. ಆ ಕೊಡವನ್ನು ಪಾತ್ರೆ ತೊಳೆಯಲು ಬರಿದುಮಾಡಿದ್ದರೆ? ಸಂಪಿನಲ್ಲಿ ಸಾವಿರಾರು ಲೀಟರ್ ನೀರಿದೆ, ವಿದ್ಯುತ್ತೂ ಇದೆ, ಆದರೂ ಮನೆಯಲ್ಲಿ ನೀರಿಲ್ಲ. ನೀರೆತ್ತಲು ನೀರೇ ಬೇಕಾಗಿದೆ.

ಹಗ್ಗ ಕಟ್ಟಿದ ಬಕೆಟ್ಟನ್ನು ಸಂಪಿಗೆ ಇಳಿಸಬಹುದಲ್ಲವೆ ಎಂದು ಚತುರ ವಾಚಕರು ಕೇಳುವರು. ಕಂಪ್ಯೂಟರಿನೊಳಗೆ ಅಂತಹ ಬಕೆಟ್ಟು ಇಲ್ಲವೆಂಬುದೇ ಈ ಲೇಖನದ ವಿಷಯ.

ಇದನ್ನು ಬರೆಯಲು ಒಂದು ನಿಮಿತ್ತವಿದೆ. ನಮ್ಮಲ್ಲಿ ಓದಿ, ಈಗ ಎಲೆಕ್ಟ್ರಾನಿಕ್ ಸಿಟಿಯ ಒಂದು ಸಂಸ್ಥೆಯಲ್ಲಿ ಡ್ರೈವರುಗಳನ್ನು ಬರೆಯುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬರು ಕಾಲೇಜಿಗೆ ಬಂದಾಗ ಒಂದು ಪ್ರಶ್ನೆಯನ್ನು ಮುಂದಿಟ್ಟರು. “ಸರ್, ಮೆಮೊರಿ ಸಿಗದಿದ್ದರೆ ಏನು ಮಾಡಬೇಕೆಂಬುದನ್ನು ಪ್ರತಿಯೊಂದು ಕಡೆಯಲ್ಲೂ ಬರೆದಿದ್ದೇವೆ. ಆದರೆ ಸಿಗಲಿಲ್ಲವೆಂಬ ಉತ್ತರ ಒಮ್ಮೆಯೂ ಬಂದದ್ದಿಲ್ಲ. ಹೀಗಿದ್ದೂ ದೊಡ್ಡ ಫೈಲುಗಳನ್ನು ಬರೆಯುವಾಗ ಯಂತ್ರ ನಿಂತುಬಿಡುತ್ತದೆ. ಏಕೆ?” ಪ್ರಶ್ನೆಯಲ್ಲಿಯೇ ಉತ್ತರದ ಅರ್ಧಭಾಗ ಅಡಗಿದೆ. ಅದನ್ನು ಬಿಡಿಸಿ ನೋಡೋಣ.

ಕಂಪ್ಯೂಟರಿನಲ್ಲಿ ನಡೆಯುವ ಎಲ್ಲ ಪ್ರೋಗ್ರಾಮುಗಳಿಗೂ ಕೆಳಗೆ, ಯಂತ್ರದ ಒಡೆತನವನ್ನು ತಾನೇ ವಹಿಸಿಕೊಂಡ ಒಂದು ಮೂಲ ಪ್ರೋಗ್ರಾಮು ಇರುತ್ತದೆ. ಇದಕ್ಕೆ ಕರ್ನೆಲ್, ಅಂದರೆ ತಿರುಳು, ಎಂದು ಹೆಸರು. ಡಿಸ್ಕು, ಕ್ಯಾಮೆರಾ, ನೆಟ್‌ವರ್ಕ್ ಕಾರ್ಡು ಮೊದಲಾದ ಒಂದೊಂದು ಉಪಕರಣದೊಡನೆ ಅದರದೇ ಭಾಷೆಯಲ್ಲಿ ವ್ಯವಹರಿಸುವ ಕರ್ನೆಲ್‌ನ ಭಾಗವೇ ಡ್ರೈವರು. ಸಾಮಾನ್ಯ ಪ್ರೋಗ್ರಾಮು ತಪ್ಪಿದರೆ ಅದೊಂದೇ ಸಾಯುವುದು. ಕರ್ನೆಲ್‌ನೊಳಗಿನ ಡ್ರೈವರು ತಪ್ಪಿದರೆ ಯಂತ್ರವೇ ನಿಲ್ಲುವುದು. ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರು 1970ರ ದಶಕದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡಾಗ ಇಂತಹ ಕಸುಬೊಂದು ಅಲ್ಲಿ ನೆಲೆಯೂರುವುದೆಂದು ಎಷ್ಟು ಜನ ಊಹಿಸಿದ್ದರೋ! ಇಂದು ಅಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಚಿಪ್ಪುಗಳಿಗೆ ಡ್ರೈವರು ಬರೆಯುವುದೇ ಅನೇಕ ಎಂಜಿನಿಯರುಗಳ ದಿನನಿತ್ಯದ ಉದ್ಯೋಗವಾಗಿದೆ. ಪೀಣ್ಯದ ಕಾರ್ಖಾನೆಗಳಲ್ಲಿ ಲೋಹ ಕೊರೆಯುವ ಗಣಕನಿಯಂತ್ರಿತ ಯಂತ್ರಗಳೊಳಗೂ ಡ್ರೈವರುಗಳಿರುವುವು.

ಲಿನಕ್ಸ್ ಕರ್ನೆಲ್ ಮೆಮೊರಿಯನ್ನು ಸಾಮಾನ್ಯವಾಗಿ 4,096 ಬೈಟುಗಳ ಪುಟಗಳನ್ನಾಗಿ ವಿಭಾಗಿಸಿಕೊಂಡಿರುತ್ತದೆ. ಒಂದು ಗಿಗಾಬೈಟಿನಲ್ಲಿ ಇಂತಹ 2,62,144 ಪುಟಗಳುಂಟು. ಇಷ್ಟು ಪುಟಗಳಿರುವಾಗ ಅಭಾವವೆಲ್ಲಿಯದು ಎನ್ನಬೇಡಿ. ಕರ್ನೆಲ್‌ನ ದೃಷ್ಟಿಯಲ್ಲಿ ಖಾಲಿ ಇರುವ ಮೆಮೊರಿ ಎಂದರೆ ಪಾಳುಬಿದ್ದ ಹೊಲವಿದ್ದಂತೆ. ಆದುದರಿಂದ ಡಿಸ್ಕಿನಿಂದ ಓದಿದ ಪ್ರತಿಯೊಂದು ಫೈಲನ್ನೂ, ಮತ್ತೆ ಬೇಕಾದೀತೆಂದು, ಅದು ಖಾಲಿ ಪುಟಗಳಲ್ಲಿ ಉಳಿಸಿಕೊಳ್ಳುತ್ತದೆ. ಡಿಸ್ಕಿಗೆ ಬರೆಯಬೇಕಾದುದನ್ನೂ ಮೊದಲು ಇಲ್ಲಿಯೇ ಶೇಖರಿಸಿ, ನಿಧಾನವಾಗಿ ಡಿಸ್ಕಿಗೆ ಸಾಗಿಸುತ್ತದೆ. ಡಿಸ್ಕಿನಲ್ಲಿ ಪ್ರತಿಯುಳ್ಳ ಪುಟ ‘ಶುದ್ಧ’. ಇನ್ನೂ ಬರೆದಿಲ್ಲದ ಪುಟ ‘ಮಲಿನ’. ಶುದ್ಧ ಪುಟವನ್ನು ಯಾವ ಕ್ಷಣದಲ್ಲಾದರೂ ತೆರವು ಮಾಡಬಹುದು. ಮಲಿನ ಪುಟವನ್ನು ಡಿಸ್ಕಿಗೆ ಬರೆದ ಮೇಲೆಯೇ ತೆರವು ಮಾಡಬೇಕು.

ಕೊಳದಲ್ಲಿ ನೀರಿನ ಮಟ್ಟ ತಿಳಿಯಲು ಗುರುತು ಹಾಕುವಂತೆ ಕರ್ನೆಲ್ ಖಾಲಿ ಪುಟಗಳ ಸಂಖ್ಯೆಗೆ ಮೂರು ಗುರುತುಗಳನ್ನು ಇಟ್ಟುಕೊಂಡಿದೆ. ಸಂಖ್ಯೆಯು ನಡುವಿನ ಗುರುತಿಗಿಂತ ಇಳಿದೊಡನೆ ಹಿನ್ನೆಲೆಯ ಸೇವಕನೊಬ್ಬನು ಎಚ್ಚೆತ್ತು, ಮೇಲಿನ ಗುರುತು ಮುಟ್ಟುವವರೆಗೆ ಪುಟಗಳನ್ನು ತೆರವು ಮಾಡುತ್ತ ಹೋಗುವನು. ಅವನಿಂದ ಸಾಲದೆ ಸಂಖ್ಯೆಯು ಕೆಳಗಿನ ಗುರುತನ್ನು ಮುಟ್ಟಿತೆನ್ನಿ. ಆಗ ಮೆಮೊರಿ ಕೇಳಲು ಬಂದವನ ಕೈಗೇ ಕರ್ನೆಲ್ ಪೊರಕೆಯನ್ನು ಕೊಡುತ್ತದೆ: ನೀನೇ ತೆರವು ಮಾಡು, ಆಮೇಲೆ ತೆಗೆದುಕೊ! ಕೆಳಗಿನ ಗುರುತಿಗಿಂತಲೂ ಅಡಿಯಲ್ಲಿರುವ ಪುಟಗಳು ಮೀಸಲು. ಅವನ್ನು ಎಲ್ಲರಿಗೂ ಕೊಡುವುದಿಲ್ಲ. ಅದುವೇ ಕೊನೆಯ ಕೊಡ.

ಈಗ ನಮ್ಮ ವಿದ್ಯಾರ್ಥಿಯ ಯಂತ್ರದೊಳಕ್ಕೆ ಇಳಿಯೋಣ. ಅವರು ಬರೆದದ್ದು ಡಿಸ್ಕಿನ ಡ್ರೈವರು. ಪ್ರತಿಯೊಂದು ಬರಹವನ್ನು ಡಿಸ್ಕಿಗೆ ಕಳುಹಿಸುವ ಮುನ್ನ ಅದು ಕೆಲವು ನೂರು ಬೈಟುಗಳ ಆಜ್ಞಾಪತ್ರವೊಂದನ್ನು ಸಿದ್ಧಪಡಿಸಬೇಕು. ಆ ಪತ್ರಕ್ಕೆಂದು ಅದು ಕರ್ನೆಲ್‌ನಿಂದ ಮೆಮೊರಿ ಕೇಳುತ್ತದೆ. ಸಾಮಾನ್ಯ ದಿನಗಳಲ್ಲಿ ಈ ವ್ಯವಹಾರ ಕ್ಷಣಾರ್ಧದಲ್ಲಿ ಮುಗಿಯುವುದು. ದೊಡ್ಡ ಫೈಲನ್ನು ಬರೆಯುವಾಗಲಾದರೋ ಮಲಿನ ಪುಟಗಳು ರಾಶಿಬಿದ್ದು ಖಾಲಿ ಪುಟಗಳು ಕೆಳಗಿನ ಗುರುತಿಗೆ ಬಂದಿರುತ್ತವೆ. ಡ್ರೈವರು ಮೆಮೊರಿ ಕೇಳಿತು. ಕರ್ನೆಲ್ ಪೊರಕೆ ಕೊಟ್ಟಿತು. ತೆರವು ಮಾಡಹೊರಟರೆ ಸಿಗುವುವೆಲ್ಲ ಮಲಿನ ಪುಟಗಳು. ಅವನ್ನು ಡಿಸ್ಕಿಗೆ ಬರೆಯಬೇಕು. ಡಿಸ್ಕಿಗೆ ಬರೆಯುವವರು ಯಾರು? ಇದೇ ಡ್ರೈವರು! ಅದು ಮೆಮೊರಿಗಾಗಿ ಕಾಯುತ್ತ ನಿಂತಿದೆ; ಮೆಮೊರಿಯು ಅದಕ್ಕಾಗಿ ಕಾಯುತ್ತಿದೆ. ಹೀಗೆ ಒಬ್ಬರನ್ನೊಬ್ಬರು ಕಾಯುತ್ತ ನಿಲ್ಲುವ ಸ್ಥಿತಿಗೆ ಡೆಡ್‌ಲಾಕ್ ಎಂದು ಹೆಸರು. ಇಲ್ಲಿ ‘ಮೆಮೊರಿ ಇಲ್ಲ’ ಎಂಬ ಉತ್ತರವನ್ನು ಯಾರೂ ಕೊಡಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಆ ಉತ್ತರ ಬಂದಿದ್ದರೆ ವಿದ್ಯಾರ್ಥಿಯು ಜಾಗರೂಕತೆಯಿಂದ ಬರೆದಿದ್ದ ಸಾಲುಗಳು ಕೆಲಸಕ್ಕೆ ಬರುತ್ತಿದ್ದವು. ಬಂದದ್ದು ಉತ್ತರವಲ್ಲ, ಮೌನ.

ಆದುದರಿಂದ ಕರ್ನೆಲ್‌ನೊಳಗೆ ಮೆಮೊರಿಯನ್ನು ಕೇಳುವವನು ಎಷ್ಟು ಬೇಕೆಂದು ಹೇಳಿದರೆ ಸಾಲದು. ತಾನು ಯಾವ ಸ್ಥಿತಿಯಲ್ಲಿರುವೆನು, ಯಾವುದಕ್ಕಾಗಿ ಕಾಯಬಲ್ಲೆನು, ಯಾವುದಕ್ಕಾಗಿ ಕಾಯಲಾರೆನು ಎಂಬುದನ್ನೂ ಸತ್ಯವಾಗಿ ನಿವೇದಿಸಬೇಕು. ಲಿನಕ್ಸಿನಲ್ಲಿ ಇದಕ್ಕೆ ಜಿಎಫ್‌ಪಿ ಎಂಬ ಗುರುತುಗಳಿವೆ. ‘ಜಿಎಫ್‌ಪಿ ಕರ್ನೆಲ್’ ಎಂದರೆ ನಾನು ಎಷ್ಟು ಹೊತ್ತಾದರೂ ಕಾಯಬಲ್ಲೆ, ಡಿಸ್ಕಿಗೆ ಬರೆಸಿಯಾದರೂ ತೆರವು ಮಾಡಿಕೊಡು ಎಂದರ್ಥ. ‘ಜಿಎಫ್‌ಪಿ ನೋಐಒ’ ಎಂದರೆ ಕಾಯಬಲ್ಲೆ, ಆದರೆ ನನಗಾಗಿ ಯಾವ ಉಪಕರಣಕ್ಕೂ ಬರಹವನ್ನು ಕಳುಹಿಸಬೇಡ, ಶುದ್ಧ ಪುಟಗಳನ್ನಷ್ಟೆ ತೆರವು ಮಾಡು ಎಂದು. ಫೈಲುಗಳ ವ್ಯವಸ್ಥೆಯೊಳಗಿರುವವರಿಗೆ ‘ನೋಎಫ್‌ಎಸ್’ ಎಂಬ ಇದರ ಸೋದರವಿದೆ. ‘ಜಿಎಫ್‌ಪಿ ಅಟಾಮಿಕ್’ ಎಂದರೆ ಒಂದು ಕ್ಷಣವೂ ಕಾಯಲಾರೆ. ಇದ್ದರೆ ಕೊಡು, ಇಲ್ಲದಿದ್ದರೆ ಇಲ್ಲವೆನ್ನು.

ಕೊನೆಯದರ ಅವಶ್ಯಕತೆ ಪೀಣ್ಯದ ಯಂತ್ರದಲ್ಲಿ ಚೆನ್ನಾಗಿ ಕಾಣುವುದು. ಕೊರೆಯುವ ಉಳಿಯ ಸ್ಥಾನವನ್ನು ಅಳೆಯುವ ಕಾರ್ಡು ಹೊಸ ಅಳತೆ ಬಂದೊಡನೆ ಪ್ರಾಸೆಸರನ್ನು ತಡೆದು ನಿಲ್ಲಿಸಿ ತನ್ನ ಕಡೆ ಕರೆಯುತ್ತದೆ. ಇದೇ ಇಂಟರಪ್ಟ್. ಆ ಹೊತ್ತಿನಲ್ಲಿ ನಡೆಯುವ ಡ್ರೈವರಿನ ಭಾಗಕ್ಕೆ ನಿದ್ರಿಸುವ ಅಧಿಕಾರವಿಲ್ಲ. ಅದು ಮಲಗಿದರೆ ಎಬ್ಬಿಸುವವರೇ ಇಲ್ಲ. ಅಲ್ಲಿ ‘ಅಟಾಮಿಕ್’ ಹೊರತು ಬೇರೆ ಗತಿಯಿಲ್ಲ. ಅಂತಹವರ ಸಂಕಷ್ಟವನ್ನರಿತು ಕರ್ನೆಲ್ ಅವರಿಗೆ ಮೀಸಲಿನ ಒಂದು ಪಾಲನ್ನು ಮುಟ್ಟಲು ಬಿಡುತ್ತದೆ. ಇದನ್ನು ತಿಳಿದ ಕೆಲವು ಹೊಸಬರು ಒಂದು ಕುಯುಕ್ತಿಯನ್ನು ಹೂಡುವುದುಂಟು: ಹಾಗಾದರೆ ಎಲ್ಲ ಕಡೆಯಲ್ಲೂ ‘ಅಟಾಮಿಕ್’ ಎಂದೇ ಬರೆದುಬಿಡೋಣ, ಡೆಡ್‌ಲಾಕಿನ ಭಯವೂ ಇಲ್ಲ, ಮೀಸಲೂ ಸಿಗುವುದು. ಇದು ಪಾತ್ರೆ ತೊಳೆಯುವವನು ಕೊನೆಯ ಕೊಡಕ್ಕೆ ಕೈಹಾಕಿದಂತೆ. ಕಾಯಬಲ್ಲವನು ಕಾಯಲಾರೆನೆಂದು ಸುಳ್ಳು ಹೇಳಿದರೆ, ನಿಜವಾಗಿ ಕಾಯಲಾರದವನಿಗೆ ಬೇಕಾದಾಗ ಕೊಡ ಬರಿದಾಗಿರುತ್ತದೆ. ಆ ಡ್ರೈವರು ತನ್ನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪಕ್ಕದ ಡ್ರೈವರನ್ನು ಕೆಡಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದು ಮರೆವಿನಿಂದಾಗುವ ತಪ್ಪಿಗಿಂತ ಹೆಚ್ಚು ಕೆಟ್ಟದ್ದು.

ಹಾಗೆಂದು ‘ನೋಐಒ’ ಎಂದು ಬರೆದ ಮಾತ್ರಕ್ಕೆ ನಮ್ಮ ವಿದ್ಯಾರ್ಥಿಯ ಸಂಕಟ ತೀರುವುದೇ? ಪೂರ್ತಿಯಾಗಿ ಇಲ್ಲ. ಶುದ್ಧ ಪುಟಗಳೂ ಮುಗಿದುಹೋಗಿದ್ದರೆ ತೆರವು ಮಾಡಲು ಏನೂ ಉಳಿಯದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. 2001ರಲ್ಲಿ ಇಂಗೊ ಮೋಲ್ನಾರ್ ಎಂಬವರು ಲಿನಕ್ಸಿಗೆ ಸೇರಿಸಿದ ಮೆಮ್‌ಪೂಲ್ ಎಂಬ ಏರ್ಪಾಡು ಮೊದಲೇ ತೋಡಿದ ಬಾವಿ. ಡ್ರೈವರು ಆರಂಭವಾಗುವಾಗ, ಮೆಮೊರಿ ಸಮೃದ್ಧವಾಗಿರುವಾಗಲೇ, ಕೆಲವು ಆಜ್ಞಾಪತ್ರಗಳಿಗೆ ಬೇಕಾಗುವಷ್ಟನ್ನು ಪ್ರತ್ಯೇಕವಾಗಿ ತೆಗೆದಿಡುತ್ತದೆ. ಮುಂದೆ ಕೇಳಿದಾಗ ಮೊದಲು ಸಾಮಾನ್ಯ ಮಾರ್ಗದಿಂದ ಪ್ರಯತ್ನ. ಅಲ್ಲಿ ಸಿಗದಿದ್ದರೆ ಈ ನಿಧಿಯಿಂದ. ನಿಧಿಯೂ ಬರಿದಾಗಿದ್ದರೆ, ಹಿಂದೆ ತೆಗೆದುಕೊಂಡವನು ಹಿಂದಿರುಗಿಸುವವರೆಗೆ ಕಾಯಬೇಕು. ಈ ಕಾಯುವಿಕೆಯಲ್ಲಿ ಅಪಾಯವಿಲ್ಲ, ಏಕೆಂದರೆ ತೆಗೆದುಕೊಂಡವನ ಬರಹ ಈಗಾಗಲೇ ಡಿಸ್ಕಿಗೆ ಹೋಗಿದೆ. ಅದು ಮುಗಿದೊಡನೆ ಪತ್ರ ಹಿಂದಕ್ಕೆ ಬರುವುದು ನಿಶ್ಚಯ. ನಿಧಿಯಲ್ಲಿ ಒಂದೇ ಒಂದು ಪತ್ರವಿದ್ದರೂ ಕೆಲಸ ನಿಧಾನವಾದೀತೇ ಹೊರತು ನಿಲ್ಲದು.

ಇಲ್ಲಿಯೂ ಒಂದು ಸೂಕ್ಷ್ಮವಿದೆ. ಒಬ್ಬನು ಒಂದೇ ನಿಧಿಯಿಂದ ಎರಡು ಪತ್ರಗಳನ್ನು ತೆಗೆದುಕೊಂಡ ಮೇಲೆಯೇ ಕೆಲಸ ಆರಂಭಿಸುವೆನೆಂದರೆ ಏನಾಗುವುದು? ನಿಧಿಯಲ್ಲಿ ಎರಡಿವೆ ಎನ್ನೋಣ. ಇಬ್ಬರು ಒಮ್ಮೆಗೇ ಬಂದು ಒಂದೊಂದನ್ನು ತೆಗೆದುಕೊಂಡು ಎರಡನೆಯದಕ್ಕಾಗಿ ಕಾಯುತ್ತ ನಿಲ್ಲುವರು, ಇಬ್ಬರೂ ಕದಲರು. ನಿಧಿಯನ್ನು ಹತ್ತಕ್ಕೆ ಏರಿಸಿದರೂ ಹತ್ತು ಮಂದಿ ಬಂದಾಗ ಅದೇ ಗತಿ. ಆದುದರಿಂದ ಮೊದಲನೆಯ ಪತ್ರವನ್ನು ಕೆಲಸಕ್ಕೆ ಕಳುಹಿಸಿದ ಮೇಲೆಯೇ ಎರಡನೆಯದಕ್ಕೆ ಕೈನೀಡಬೇಕೆಂಬ ನಿಯಮವನ್ನು ಲಿನಕ್ಸಿನಲ್ಲಿ ಡಿಸ್ಕಿನ ಕೋರಿಕೆಗಳಿಗೆ ವಿಧಿಸಿದ್ದಾರೆ. ನಿಧಿಯ ಗಾತ್ರಕ್ಕಿಂತ ಅದನ್ನು ಬಳಸುವ ಕ್ರಮವೇ ಮುಖ್ಯವಾಯಿತು.

ಡಿಸ್ಕು ಯಂತ್ರದೊಳಗೇ ಇರಬೇಕೆಂದೇನೂ ಇಲ್ಲ. ಮೆಮೊರಿಯಲ್ಲಿ ಸ್ಥಳ ಸಾಲದ ಪುಟಗಳನ್ನು ನೆಟ್‌ವರ್ಕಿನ ಆಚೆಗಿರುವ ಇನ್ನೊಂದು ಯಂತ್ರದ ಡಿಸ್ಕಿಗೆ ಕಳುಹಿಸುವುದೂ ಉಂಟು. ಆಗ ಗಂಟು ಇನ್ನೂ ಬಿಗಿಯುತ್ತದೆ. ಪುಟವನ್ನು ಕಳುಹಿಸಿಯಾಯಿತು, ‘ತಲುಪಿತು’ ಎಂಬ ಮರುಸಂದೇಶ ಬಂದ ಮೇಲೆಯೇ ಪುಟ ತೆರವಾಗುವುದು. ಆ ಸಂದೇಶವನ್ನು ಬರಮಾಡಿಕೊಳ್ಳಲು ನೆಟ್‌ವರ್ಕ್ ಡ್ರೈವರಿಗೆ ಮೆಮೊರಿ ಬೇಕು. ಬಂದ ಲಕೋಟೆ ನಮಗೆ ಬೇಕಾದ ಮರುಸಂದೇಶವೋ, ಯಾರೋ ನೋಡುತ್ತಿರುವ ಚಲನಚಿತ್ರದ ತುಣುಕೋ ಎಂಬುದು ಅದನ್ನು ಮೆಮೊರಿಯಲ್ಲಿಟ್ಟು ಓದುವವರೆಗೆ ತಿಳಿಯದು! 2012ರಲ್ಲಿ ಲಿನಕ್ಸ್ 3.6ಕ್ಕೆ ಸೇರಿದ ಪರಿಹಾರವು ಮೆಚ್ಚತಕ್ಕದ್ದು. ಬರುವ ಲಕೋಟೆಗಳಿಗೆ ಮೀಸಲಿನಿಂದ ಸ್ಥಳ ಕೊಡುವುದು. ತೆರೆದು ನೋಡಿ, ತೆರವಿನ ಕಾರ್ಯಕ್ಕೆ ಸಂಬಂಧಿಸಿದ್ದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಕೂಡಲೇ ಎಸೆದು ಸ್ಥಳವನ್ನು ಮೀಸಲಿಗೆ ಹಿಂದಿರುಗಿಸುವುದು. ಎಸೆದದ್ದನ್ನು ಕಳುಹಿಸಿದವನು ಮತ್ತೆ ಕಳುಹಿಸುವನು.

ಡಿಸ್ಕೇ ಇಲ್ಲದ ಯಂತ್ರಗಳ ಪಾಡೇನು? ನಮ್ಮ ಊರಿನದೇ ಉದಾಹರಣೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಸಂಸ್ಥೆಯವರೂ ಕೂಡಿ, ಅಕ್ಷರ ಬಾರದವರೂ ಬಳಸಬಹುದಾದ ಅಗ್ಗದ ಕಂಪ್ಯೂಟರೊಂದನ್ನು ನಿರ್ಮಿಸಲು ಹೊರಟರು. ಅದೇ ಸಿಂಪ್ಯೂಟರ್. ಅದರ ಒಂದು ರೂಪವಾದ ಅಮಿಡಾ 2004ರಲ್ಲಿ ಹೊರಬಂದಿತು; ಪೀಣ್ಯಕ್ಕೆ ಸಮೀಪದ ಜಾಲಹಳ್ಳಿಯ ಬಿಇಎಲ್ ಸಂಸ್ಥೆ ಅದನ್ನು ತಯಾರಿಸಿತು. ಅಂಗೈಯಗಲದ ಆ ಯಂತ್ರದಲ್ಲಿ ಸ್ಟ್ರಾಂಗ್‌ಆರ್ಮ್ ಪ್ರಾಸೆಸರಿನ ಮೇಲೆ ಲಿನಕ್ಸ್ ನಡೆಯುತ್ತಿತ್ತು. ತಿರುಗುವ ಡಿಸ್ಕಿಗೆ ಬದಲಾಗಿ ಫ್ಲ್ಯಾಷ್ ಚಿಪ್ಪು. ಫ್ಲ್ಯಾಷಿನಲ್ಲಿ ಬರೆದುದರ ಮೇಲೆ ಹಾಗೆಯೇ ಬರೆಯಲಾಗದು. ಒಂದು ಇಡೀ ಖಂಡವನ್ನು ಅಳಿಸಬೇಕು, ಅದಕ್ಕೆ ಮುನ್ನ ಆ ಖಂಡದಲ್ಲಿ ಇನ್ನೂ ಬೇಕಾಗಿರುವುದನ್ನು ಬೇರೆಡೆಗೆ ಸಾಗಿಸಬೇಕು. ಸ್ಥಳವನ್ನು ತೆರವು ಮಾಡಲು ಸ್ಥಳ ಬೇಕು. ಅದೇ ಗಂಟು ಮತ್ತೊಂದು ವೇಷದಲ್ಲಿ. ಇಂದಿನ ಅನೇಕ ಮೊಬೈಲ್ ಫೋನುಗಳು ಪುಟಗಳನ್ನು ಹೊರಗೆ ಕಳುಹಿಸದೆ, ಹಿಂಡಿ ಚಿಕ್ಕದಾಗಿಸಿ ಮೆಮೊರಿಯಲ್ಲಿಯೇ ಇಟ್ಟುಕೊಳ್ಳುವುವು. ಹಿಂಡಿದ್ದನ್ನು ಇಡಲು ಸಹ ಮೊದಲು ಸ್ವಲ್ಪ ಮೆಮೊರಿ ಬೇಕೆಂಬುದನ್ನು ಹೇಳಬೇಕಾಗಿಲ್ಲ.

ಫ್ಲ್ಯಾಷ್ ಮತ್ತು ಮೆಮೊರಿಗಳ ಈ ತೊಡಕು ಅದೇ 2004ರ ಜನವರಿಯಲ್ಲಿ ಭೂಮಿಯ ಹೊರಗೂ ಒಂದು ದೊಡ್ಡ ಪ್ರಸಂಗಕ್ಕೆ ಕಾರಣವಾಯಿತು. ಮಂಗಳಗ್ರಹದಲ್ಲಿ ಇಳಿದಿದ್ದ ನಾಸಾದ ಸ್ಪಿರಿಟ್ ಎಂಬ ರೋವರು ಜನವರಿ 21ರಂದು ಮೌನವಾಯಿತು. ಅದರಲ್ಲಿದ್ದುದು 128 ಮೆಗಾಬೈಟ್ ಮೆಮೊರಿ, 256 ಮೆಗಾಬೈಟ್ ಫ್ಲ್ಯಾಷ್. ಫ್ಲ್ಯಾಷಿನಲ್ಲಿ ಫೈಲುಗಳು ಹೆಚ್ಚಿದಂತೆಲ್ಲ ಅವುಗಳ ಪಟ್ಟಿಯನ್ನು ಇಡಲು ಮೆಮೊರಿಯೂ ಹೆಚ್ಚು ಬೇಕಾಗುತ್ತಿತ್ತು. ಒಂದು ದಿನ ಅದು ಸಿಗದೆ ಹೋಯಿತು. ಯಂತ್ರ ತನ್ನನ್ನು ತಾನೇ ಮರಳಿ ಆರಂಭಿಸಿಕೊಂಡಿತು, ಆರಂಭದಲ್ಲಿಯೇ ಮತ್ತೆ ಅದೇ ಪಟ್ಟಿ, ಅದೇ ಅಭಾವ, ಮತ್ತೆ ಆರಂಭ. ಫೈಲುಗಳನ್ನು ಅಳಿಸಿದರೆ ತೊಂದರೆ ಪರಿಹಾರವಾಗುತ್ತಿತ್ತು. ಅಳಿಸಬೇಕಾದರೆ ಪಟ್ಟಿಯನ್ನು ತೆರೆಯಬೇಕಾಗಿತ್ತು. ಕೋಟ್ಯಂತರ ಕಿಲೋಮೀಟರ್ ದೂರದಿಂದ ಎಂಜಿನಿಯರುಗಳು ಫ್ಲ್ಯಾಷನ್ನು ಮುಟ್ಟದೆ ಆರಂಭವಾಗುವಂತೆ ಆಜ್ಞೆ ಕಳುಹಿಸಿ ರೋವರನ್ನು ಹಿಡಿತಕ್ಕೆ ತಂದುಕೊಂಡು, ಫೆಬ್ರವರಿಯಲ್ಲಿ ಕೆಲಸಕ್ಕೆ ಹಚ್ಚಿದರು. ಹಗ್ಗ ಕಟ್ಟಿದ ಬಕೆಟ್ಟು ಅವರ ಬಳಿ ಇತ್ತೆನ್ನಬೇಕು.

ಮೆಮೊರಿಯನ್ನು ನುಂಗುವ ಪ್ರೋಗ್ರಾಮುಗಳಿಗೇ ಕಡಿವಾಣ ಹಾಕಬಾರದೇಕೆ ಎಂದು ಕೇಳುವುದು ಸಹಜ. ಹಾಕಬಹುದು. ಪ್ರೋಗ್ರಾಮುಗಳ ಒಂದೊಂದು ಗುಂಪಿಗೂ ಇಂತಿಷ್ಟೇ ಮೆಮೊರಿ ಎಂದು ಮಿತಿ ವಿಧಿಸುವ ಏರ್ಪಾಡು 2008ರಲ್ಲಿ ಲಿನಕ್ಸ್ 2.6.25ರೊಡನೆ ಬಂದಿತು. ಅದನ್ನು ರಚಿಸಿದವರಲ್ಲಿ ಪ್ರಮುಖರು ಐಬಿಎಂ ಸಂಸ್ಥೆಯ ಭಾರತದ ಲಿನಕ್ಸ್ ತಂಡದಲ್ಲಿದ್ದ ಬಲ್ಬೀರ್ ಸಿಂಗ್. ಆದರೆ ಮಿತಿಯೊಳಗೇ ಮಲಿನ ಪುಟಗಳು ತುಂಬಬಹುದಾದುದರಿಂದ ಡ್ರೈವರಿನ ಹೊಣೆ ಕಡಿಮೆಯಾಗುವುದಿಲ್ಲ. ಒಟ್ಟು ಮೆಮೊರಿ ಸಾಕಷ್ಟಿದ್ದರೂ ಒಂದಕ್ಕೊಂದು ತಾಗಿದ ಪುಟಗಳು ಸಿಗದಿರುವ ತೊಂದರೆ ಬೇರೆಯೇ ಒಂದಿದೆ. ಕ್ಯಾಮೆರಾದಂತಹ ಉಪಕರಣಗಳಿಗೆ ಅದು ದೊಡ್ಡ ಪೀಡೆ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಈಗ ಪ್ರಶ್ನೆಯ ಉಳಿದ ಭಾಗ: ‘ಇಲ್ಲ’ ಎಂಬ ಉತ್ತರ ಏಕೆ ಒಮ್ಮೆಯೂ ಬರಲಿಲ್ಲ? 2014ರ ಕೊನೆಯಲ್ಲಿ ಜಪಾನಿನ ತೆತ್ಸುವೊ ಹಂದಾ ಅವರು ಎತ್ತಿದ ಸಂದೇಹದಿಂದ ಕರ್ನೆಲ್ ರಚಿಸುವವರಲ್ಲಿ ದೊಡ್ಡ ಚರ್ಚೆ ನಡೆಯಿತು. ಕಾಯಬಲ್ಲೆನೆಂದು ಹೇಳಿ, ಎಂಟು ಪುಟಗಳವರೆಗೆ ಕೇಳಿದವನಿಗೆ ಲಿನಕ್ಸ್ ಬಹುಮಟ್ಟಿಗೆ ಇಲ್ಲವೆನ್ನುವುದೇ ಇಲ್ಲ. ಸಿಗುವವರೆಗೆ ಪ್ರಯತ್ನಿಸುತ್ತಲೇ ಇರುತ್ತದೆ. ಬೇರೆ ದಾರಿ ಕಾಣದಿದ್ದರೆ ಯಾವುದಾದರೊಂದು ಪ್ರೋಗ್ರಾಮನ್ನು ಬಲಿಗೆ ಆರಿಸಿ ಕೊಂದು ಅದರ ಪುಟಗಳನ್ನು ಪಡೆಯುತ್ತದೆ. ಬಲಿಯಾದ ಪ್ರೋಗ್ರಾಮು ಸಾಯುವ ಮೊದಲು ಒಂದು ಬೀಗವನ್ನು ಪಡೆಯಬೇಕಾಗಿದ್ದು, ಆ ಬೀಗವನ್ನು ಮೆಮೊರಿ ಕೇಳುತ್ತಿರುವವನೇ ಹಿಡಿದಿದ್ದರೆ? ಸಾಯಬೇಕಾದವನು ಸಾಯಲಾರ, ಬದುಕಬೇಕಾದವನು ಬದುಕಲಾರ. ಬಲಿಯು ಸಾಯುವುದನ್ನು ಕಾಯದೆ ಅದರ ಮೆಮೊರಿಯನ್ನು ಕಿತ್ತುಕೊಳ್ಳುವ ಸಹಾಯಕನೊಬ್ಬನನ್ನು 2016ರಲ್ಲಿ ಲಿನಕ್ಸ್ 4.6ಕ್ಕೆ ಸೇರಿಸಿದ ಮೇಲೆ ಈ ತೊಂದರೆ ಬಹಳ ಮಟ್ಟಿಗೆ ಕಡಿಮೆಯಾಗಿದೆ.

ಇದರಿಂದ ಒಂದು ವಿಚಿತ್ರ ಫಲ ಒದಗಿದೆ. ಇಲ್ಲವೆಂಬ ಉತ್ತರ ಬರುವುದೇ ಅಪರೂಪವಾದುದರಿಂದ, ಆ ಉತ್ತರವನ್ನು ಎದುರಿಸಲೆಂದು ಡ್ರೈವರುಗಳಲ್ಲಿ ಬರೆದಿಟ್ಟ ಅಸಂಖ್ಯಾತ ಸಾಲುಗಳು ಒಮ್ಮೆಯೂ ನಡೆದು ನೋಡಿಲ್ಲ. ಡ್ರೈವರು ಆರಂಭದಲ್ಲಿ ನಾಲ್ಕು ವಸ್ತುಗಳನ್ನು ಪಡೆಯುವುದೆನ್ನಿ. ಮೂರನೆಯದು ಸಿಗದಿದ್ದರೆ ಎರಡನೆಯದನ್ನು, ಬಳಿಕ ಮೊದಲನೆಯದನ್ನು, ಪಡೆದುದಕ್ಕೆ ವಿಲೋಮವಾದ ಕ್ರಮದಲ್ಲಿ ಹಿಂದಿರುಗಿಸಬೇಕು, ನಾಲ್ಕನೆಯದನ್ನು ಮುಟ್ಟಬಾರದು. ಕ್ರಮ ತಪ್ಪಿದರೂ ಕಾಗದದ ಮೇಲೆ ಕಣ್ಣಿಗೆ ಬೀಳದು. ಆದುದರಿಂದ 2007ರಿಂದ ಕರ್ನೆಲ್‌ನಲ್ಲಿ ‘ಫೇಲ್‌ಸ್ಲ್ಯಾಬ್’ ಎಂಬ ಸೌಲಭ್ಯವುಂಟು: ಮೆಮೊರಿ ಸಾಕಷ್ಟಿದ್ದರೂ, ನೂರಕ್ಕೆ ಇಂತಿಷ್ಟು ಸಾರಿ ಬೇಕೆಂದೇ ಇಲ್ಲವೆನ್ನುವುದು. ವಿದ್ಯಾರ್ಥಿಗಳು ಕಾಲೇಜಿನ ಹಳೆಯ ಕಂಪ್ಯೂಟರೊಂದರಲ್ಲಿ ತಾವೇ ಕಟ್ಟಿದ ಕರ್ನೆಲ್‌ನೊಡನೆ ಇದನ್ನು ಪ್ರಯೋಗಿಸಿ ನೋಡಬಹುದು. ಬೇಕಾದ ಫೈಲುಗಳಿರುವ ಯಂತ್ರದಲ್ಲಿ ಮಾತ್ರ ಬೇಡ.

ನಮ್ಮ ವಿದ್ಯಾರ್ಥಿಯು ತಮ್ಮ ಡ್ರೈವರಿನಲ್ಲಿ ಕೊನೆಗೆ ಮಾಡಿದ ಬದಲಾವಣೆಗಳು ಎರಡು. ಬರಹದ ದಾರಿಯಲ್ಲಿದ್ದ ‘ಜಿಎಫ್‌ಪಿ ಕರ್ನೆಲ್’ ಎಂಬುದನ್ನು ‘ನೋಐಒ’ ಮಾಡಿದರು. ಡ್ರೈವರಿನ ಆರಂಭದಲ್ಲಿಯೇ ಹದಿನಾರು ಆಜ್ಞಾಪತ್ರಗಳ ನಿಧಿಯೊಂದನ್ನು ಸ್ಥಾಪಿಸಿದರು. ಹದಿನಾರು ಏಕೆಂದು ಕೇಳಿದೆವು. ವೇಗಕ್ಕಾಗಿ ಎಂದರು, ನಿಲ್ಲದಿರುವುದಕ್ಕಾದರೆ ಒಂದೇ ಸಾಕಾಗಿತ್ತಂತೆ.